ಹಸಿರು ಕಾರ್ಡು ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳೂ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯವರೂ ಅಪ್ಪ ಅಮ್ಮಂದಿರೂ ಒಂದೇ ಕಡೆ ಕೂತಿದ್ದೀರಿ. ಹಾಗಾಗಿ ಒಬ್ಬರ ಮೇಲೆ ಒಬ್ಬರು ದೂರು ಹೇಳೋಕೆ ಆಗಲ್ಲ. ನನಗದು ಅನುಕೂಲ.

ಮಗುವನ್ನು ಶಾಲೆಗೆ ಸೇರಿಸುವ ದಿನ ಅಪ್ಪಂದಿರು ಒಂದು ಮಾತು ಹೇಳುತ್ತಿದ್ದರು. "ಸಾರ್, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ." 31 ವರ್ಷದ ನೌಕರಿಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅದು ನನ್ನ ಮೇಲಿಟ್ಟ ನಂಬಿಕೆ ಅಂತ ಆಗ ಹೆಮ್ಮೆಯೂ ಆಗುತ್ತಿತ್ತು.

ಕೋಲು ಹುಡುಕುವ ಕಷ್ಟ ನಮಗಿರಲಿಲ್ಲ. ಸುತ್ತ ಕಾಫಿ ತೋಟ. ಗಿಡದಿಂದ ನೆಟ್ಟಗೆ ಮೇಲೇಳುವ ಕಂಬಚಿಗುರು ಇದೆಯಲ್ಲ, ತೋಟದವರು ಹೇಗೂ ಅದನ್ನು ಕಿತ್ತು ಬಿಸಾಡುತ್ತಾರೆ. ಎಲೆ ಸವರಿದರೆ ಒಳ್ಳೇ ಬಳುಕುವ ಕಡ್ಡಿ. ಹುಡುಗರೇ ತಂದು ಕೊಡುತ್ತಿದ್ದರು. ಹೇಗಿದೆ ನೋಡೋಣ ಅಂತ ತಂದವನಿಗೇ ಮೊದಲ ಏಟು ಬಿದ್ದದ್ದೂ ಉಂಟು.

ಈಗ ಅದು ಕಾನೂನಿನ ಪ್ರಕಾರ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯಬಾರದು ಅನ್ನುತ್ತದೆ. ಮನಸ್ಸಿಗೆ ಹಿಂಸೆ ಕೊಡುವುದೂ ಕೂಡದು ಅನ್ನುತ್ತದೆ. ಈ ಎರಡನೇದನ್ನು ನಾವು ಸುಲಭವಾಗಿ ಮರೆಯುತ್ತೇವೆ. "ನಾನು ಮುಟ್ಟೋದೇ ಇಲ್ಲಪ್ಪ" ಅನ್ನುವ ಮೇಷ್ಟ್ರು ಇಡೀ ಕ್ಲಾಸಿನ ಎದುರು ಮಗುವಿನ ಜಾತಿ, ಮನೆ, ಬಟ್ಟೆ ಎತ್ತಿ ಆಡಿದರೆ ಅದಕ್ಕೆ ಏನನ್ನಬೇಕು? ಇನ್ನು 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. "ಟಿಸಿ ಕೊಟ್ಟು ಕಳಿಸ್ತೀನಿ" ಅನ್ನುವುದು ಸುಮ್ನೆ ಬಾಯಿಮಾತು.

ಮೇಷ್ಟ್ರುಗಳದ್ದೂ ಒಂದು ದೂರಿದೆ. "ಕೋಲು ಕಿತ್ಕೊಂಡ್ರು, ಬದಲಿಗೆ ಏನು ಕೊಟ್ರು?" ನನಗೆ ಅದು ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. ಏನು ಮಾಡಬಾರದು ಅಂತ ಸುತ್ತೋಲೆ ಬರುತ್ತದೆ. 40 ಮಕ್ಕಳ ಎದುರು ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡಬೇಕು ಅಂತ ಯಾರೂ ಕೂತು ತೋರಿಸಿಕೊಡಲ್ಲ.

ಅದಕ್ಕೆ ಮೊದಲು ನಮ್ಮ ಊರಿನ ಒಂದು ತೊಂದರೆ ಹೇಳಬೇಕು. ಕೊಡಗು ಅಂದರೆ ಶಿಸ್ತು ಅಂತ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ನಮ್ಮವರು. ಕೂಡಿಗೆಯಲ್ಲಿ ಸೈನಿಕ ಶಾಲೆಯೇ ಇದೆ. ಹೆಮ್ಮೆ ಪಡೋಣ. ಆದರೆ ಈ ಹೆಮ್ಮೆಯಲ್ಲೇ ನಾವು ಶಿಸ್ತು ಅಂದರೆ ಪರೇಡು, ಸಾಲು, ಪಿನ್ ಬಿದ್ದರೂ ಕೇಳಿಸುವಷ್ಟು ಮೌನ ಅಂತ ತಿಳಿದುಬಿಟ್ಟಿದ್ದೇವೆ. ನಾನು ಹೆಡ್‌ಮಾಸ್ಟರ್ ಆಗಿದ್ದಾಗ ವರಾಂಡದಲ್ಲಿ ನಡೆದು ಹೋಗುತ್ತಾ ಸದ್ದು ಕೇಳಿಸಿದ ಕ್ಲಾಸಿಗೆ ಮಾತ್ರ ಇಣುಕುತ್ತಿದ್ದೆ. ಸದ್ದಿಲ್ಲದ ಕ್ಲಾಸಲ್ಲಿ ಪಾಠವೂ ಇರಲಿಲ್ಲ ಅಂತ ತಿಳಿದದ್ದು ಎಷ್ಟೋ ವರ್ಷ ಆದಮೇಲೆ.

ಕೆಲಸದ ಸದ್ದು ಬೇರೆ, ಗಲಾಟೆ ಬೇರೆ. ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ 1995ರಲ್ಲಿ ನಲಿ-ಕಲಿ ಶುರುವಾಯಿತು. ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ಮೆಟ್ಟಿಲು ತಾವೇ ಹತ್ತುವ ಕ್ರಮ. ಆ ಕೋಣೆ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತಿರುತ್ತದೆ. ಅದು ಶಿಸ್ತೇ. ಗಲಾಟೆ ಹುಟ್ಟುವುದು ಖಾಲಿ ಹೊತ್ತಲ್ಲಿ. ಮೇಷ್ಟ್ರು ಹಾಜರಿ ಹಾಕುವಾಗ, ಬೋರ್ಡಿಗೆ ತಿರುಗಿ ಉದ್ದ ಬರೆಯುವಾಗ, ಫೋನು ಬಂತು ಅಂತ ಹೊರಗೆ ಹೋದಾಗ.

ಜುಲೈ ತಿಂಗಳಲ್ಲಿ ಶೀಟಿನ ಸೂರು ಇರುವ ಕೋಣೆಯಲ್ಲಿ ಪಾಠ ಮಾಡಿದವರಿಗೆ ಇನ್ನೊಂದು ಗೊತ್ತು. ಮಳೆ ಹೊಡೆಯಲು ಶುರುವಾದರೆ ಎರಡನೇ ಬೆಂಚಿಗೇ ಕೇಳಿಸಲ್ಲ. ಕರೆಂಟೂ ಇಲ್ಲ. ನಾವು ಕಿರುಚುತ್ತೇವೆ, ಮಕ್ಕಳೂ ಕಿರುಚುತ್ತಾರೆ, ಆಮೇಲೆ ನಮಗೆ ಸಿಟ್ಟು. ಮಳೆಯ ಮೇಲೆ ಬರಬೇಕಾದ ಸಿಟ್ಟು ಮಕ್ಕಳ ಮೇಲೆ. ಅಂಥ ಹೊತ್ತಲ್ಲಿ ಬಾಯಿ ಮುಚ್ಚಿ ಬರೆಯುವ ಕೆಲಸ ಕೊಡಿ ಅಂತ ನನಗೆ ಹೇಳಿದ್ದು ಹೊಸದಾಗಿ ಬಂದ ಒಬ್ಬ ಟೀಚರ್. ನನಗಾಗ 20 ವರ್ಷದ ಅನುಭವ! ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

ಈಗ ಹಾಕಿಗೆ ಬರೋಣ. ನಮ್ಮ ಕ್ಲಾಸಿನ ಮಹಾ ಪೋಕರಿ ಹುಡುಗನನ್ನು ಮೈದಾನದಲ್ಲಿ ನೋಡಿದ್ದೀರಾ? ಶೀಟಿ ಊದಿದ ಕೂಡಲೇ ನಿಲ್ಲುತ್ತಾನೆ. ಅಂಪೈರ್ ಜೊತೆ ವಾದವಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕೊಡವ ಕುಟುಂಬಗಳ ತಂಡ ಸೇರಿಸಿ ಶುರು ಮಾಡಿದ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಲ್ಲಿ 360 ತಂಡಕ್ಕೆ ಬಂತು. ಅಷ್ಟು ಜನ, ಅಷ್ಟು ಬಿಸಿರಕ್ತ. ಆದರೂ ಆಟ ನಡೆಯುತ್ತದೆ. ಯಾಕೆ? ನಿಯಮ ಎಲ್ಲರಿಗೂ ಮೊದಲೇ ಗೊತ್ತು. ತಪ್ಪಿಗೆ ತಕ್ಕ ಅಳತೆ ಇದೆ. ಹಸಿರು ಕಾರ್ಡಿಗೆ 2 ನಿಮಿಷ ಹೊರಗೆ. ಹಳದಿಗೆ ಕಡಿಮೆ ಅಂದರೆ 5 ನಿಮಿಷ. ಕೆಂಪು ಕಾರ್ಡು ಬಿದ್ದರೆ ಆ ಆಟ ಮುಗಿಯಿತು. ಹಸಿರು ಕಾರ್ಡು ಸಿಕ್ಕವನು 2 ನಿಮಿಷ ಕೂತು ವಾಪಸ್ ಬರುತ್ತಾನೆ. ಬಂದ ಮೇಲೆ ಅಂಪೈರ್ ಹಳೇದು ಕೆದಕಲ್ಲ. "ನಿನ್ನಣ್ಣನೂ ಹೀಗೇ ಇದ್ದ" ಅನ್ನಲ್ಲ.

ನಾವೋ? ಪೆನ್ನು ಕೆಳಗೆ ಬೀಳಿಸಿದ್ದಕ್ಕೂ ಕೆಂಪು ಕಾರ್ಡು. "ಗೆಟ್ ಔಟ್. ನಾಳೆ ಅಪ್ಪನ್ನ ಕರ್ಕೊಂಡು ಬಾ." ತೋಟದ ಕೂಲಿಯವರ ಲೈನ್ ಮನೆಯ ಅಪ್ಪ ಶಾಲೆಗೆ ಬಂದರೆ ಅವತ್ತಿನ ಕೂಲಿ ಹೋಯಿತು. ಆ ಸಿಟ್ಟು ಸಂಜೆ ಯಾರ ಬೆನ್ನ ಮೇಲೆ ಇಳಿಯುತ್ತದೆ ಅಂತ ನಿಮಗೇ ಗೊತ್ತು. ಹೊಡೆಯುವುದನ್ನು ನಾವು ಬಿಟ್ಟಿಲ್ಲ, ಇನ್ನೊಬ್ಬರಿಗೆ ವಹಿಸಿದ್ದೇವೆ ಅಷ್ಟೆ.

ನನ್ನದೇ ಒಂದು ಕಥೆ ಇದೆ. ಏಳನೇ ಕ್ಲಾಸು, ಫೆಬ್ರವರಿ. ಒಬ್ಬ ಹುಡುಗ ದಿನವೂ ಮೊದಲ ಪಿರಿಯಡ್‌ನಲ್ಲಿ ನಿದ್ದೆ. ಒಂದು ದಿನ ಎಬ್ಬಿಸಿ ನಿಲ್ಲಿಸಿದೆ. ಅವನು ನಕ್ಕ. "ನಗ್ತೀಯಾ?" ಅಂತ ಬಾರಿಸಿದೆ. ಮತ್ತೂ ನಕ್ಕ. ಮತ್ತೂ ಬಾರಿಸಿದೆ. ಹೆದರಿದಾಗ ಕೆಲವು ಮಕ್ಕಳಿಗೆ ನಗು ಬರುತ್ತದೆ, ನನಗೂ ಚಿಕ್ಕಂದಿನಲ್ಲಿ ಬರುತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ. ಮಾರನೇ ದಿನದಿಂದ ಹುಡುಗ ಶಾಲೆಗೇ ಬರಲಿಲ್ಲ.

ಹಾಗಂತ ಎಲ್ಲ ತಂಟೆಯ ಹಿಂದೆಯೂ ಕಣ್ಣೀರಿನ ಕಥೆ ಇರುತ್ತದೆ ಅಂತ ತಿಳಿಯಬೇಡಿ. ನನ್ನ ಕೊಡೆಯೊಳಗೆ ಜಿಗಣೆ ಬಿಟ್ಟ ಹುಡುಗನ ಮನೆಯಲ್ಲಿ ಯಾವ ಕಷ್ಟವೂ ಇರಲಿಲ್ಲ. ಅವನಿಗೆ ಅದು ಮಜಾ, ಅಷ್ಟೆ. ಅಂಥವನಿಗೆ ಕಾರ್ಡು ತೋರಿಸಲೇಬೇಕು. ಅವತ್ತೇ, ಆ ಹೊತ್ತಿಗೇ, ಅಳತೆಗೆ ತಕ್ಕಂತೆ. ಕರುಣೆ ಅಂತ ಬಿಟ್ಟರೆ ನಾಳೆ ಹೆಡ್‌ಮಾಸ್ಟರ್ ಕೊಡೆಗೂ ಹೋಗುತ್ತದೆ!

ಆ ನಿದ್ದೆಯ ಹುಡುಗನ ಅಪ್ಪ ಸಂತೆ ದಿನ ಸಿಕ್ಕಿದ. ನಾನೇ ಹೋಗಿ ಮಾತಾಡಿಸಿದೆ. ತೋಟದಲ್ಲಿ ರೊಬಸ್ಟಾ ಕಾಫಿ ಹೂವರಳಲಿ ಅಂತ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ನಡೆಯುತ್ತಿತ್ತು. ಹಗಲೂ ರಾತ್ರಿ ಡೀಸೆಲ್ ಪಂಪು. ಕೆಲವು ಗಂಟೆಗೊಮ್ಮೆ ಪೈಪು ಬಿಚ್ಚಿ ಮುಂದಿನ ಸಾಲಿಗೆ ಹಾಕಬೇಕು. ಕತ್ತಲಲ್ಲಿ ಟಾರ್ಚು ಹಿಡಿಯಲು ಜನ ಬೇಕು. ಮಗ ಹಿಡಿಯುತ್ತಿದ್ದ. ಹುಡುಗನ ಅಂಗಿಗೆ ಡೀಸೆಲ್ ವಾಸನೆ ಇರುತ್ತಿತ್ತು, ನನ್ನ ಮೂಗಿಗೂ ಬಡಿದಿತ್ತು. ನಾನು ಅದನ್ನು ಕೊಳಕು ಅಂತ ಲೆಕ್ಕ ಹಾಕಿದ್ದೆ. ಅಪ್ಪ ನನ್ನನ್ನು ಬೈಯಲಿಲ್ಲ. "ಇನ್ನೆರಡು ಏಟು ಹಾಕ್ಬೇಕಿತ್ತು ಸಾರ್" ಅಂದ. ಅದು ಬೈದದ್ದಕ್ಕಿಂತ ಜಾಸ್ತಿ ನೋಯಿಸಿತು.

ಮಗುವಿಗೆ ರಾತ್ರಿ ಕೆಲಸ ಹೇಳಬೇಡ ಅಂತ ಹೇಳಿದೆ. ಹೂಂ ಅಂದ. ಪೂರ್ತಿ ನಿಲ್ಲಿಸಲಿಲ್ಲ ಅಂತ ಕಾಣುತ್ತದೆ. ಸೋಮವಾರ ಹುಡುಗ ಬಂದ. ಮೊದಲ ಪಿರಿಯಡ್‌ನಲ್ಲಿದ್ದ ಗಣಿತವನ್ನು ನಾನು ಮೂರನೇದಕ್ಕೆ ಹಾಕಿಕೊಂಡೆ. ಮೊದಲ ಪಿರಿಯಡ್‌ನಲ್ಲಿ ಅವನು ತೂಕಡಿಸುತ್ತಿದ್ದ, ಬಿಟ್ಟೆ. ಆ ವರ್ಷ ಕಾಫಿ ಹೂವರಳಿಸುವ ಹೂಮಳೆ ಬಿದ್ದದ್ದು ಮಾರ್ಚ್‌ನಲ್ಲಿ. ಪಂಪು ನಿಂತಿತು. ಮಾರನೇ ಬೆಳಿಗ್ಗೆ ಕಣ್ಣರಳಿಸಿ ಕೂತಿದ್ದ. ಪಕ್ಕದವನ ಜೊತೆ ಒಂದೇ ಸಮನೆ ಹರಟೆ. ಬಾಗಿಲ ಪಕ್ಕ ನಿಲ್ಲಿಸಿದೆ, ಎರಡೇ ನಿಮಿಷ.