ರೋಮ್ ಏರ್‌ಪೋರ್ಟ್ ಹೋಟೆಲಿನ ಪಕ್ಕದಲ್ಲೇ ಹಳೇ ಬಂದರು

ಈ ಕೆರೆ ನೋಡಿ. ಆರು ಬದಿ, ಆರು ಮೂಲೆ, ದಾರ ಹಿಡಿದು ಅಳೆದು ತೋಡಿದ ಹಾಗಿದೆ. ರೋಮ್‌ನ ಫಿಯುಮಿಚಿನೊ ಏರ್‌ಪೋರ್ಟ್‌ನಲ್ಲಿ ಇಳಿಯುವಾಗ ವಿಮಾನದ ಕಿಟಕಿಯಿಂದ ತೆಗೆದದ್ದು. ಒಂದೊಂದು ಬದಿಯೂ 350 ಮೀಟರ್‌ಗಿಂತ ಜಾಸ್ತಿ. ಕ್ರಿ.ಶ. 2ನೇ ಶತಮಾನದ ಶುರುವಿನಲ್ಲಿ ಟ್ರಾಜನ್ ಚಕ್ರವರ್ತಿ ಹಡಗು ನಿಲ್ಲಿಸೋಕೆ ಅಂತಲೇ ಇದನ್ನು ತೋಡಿಸಿದ.

ರೋಮ್ ನಗರದೊಳಗಿನ ಸುತ್ತಾಟವೆಲ್ಲ ಹಿಂದಿನ ವಿಡಿಯೊಗಳಲ್ಲಿದೆ. ಕೊನೆಯ ರಾತ್ರಿ ಅಮ್ಮ ಮತ್ತು ನಾನು ಏರ್‌ಪೋರ್ಟ್ ಹತ್ತಿರದ ಹೋಟೆಲಿಗೆ ಬಂದೆವು. ನಗರದಿಂದ ಇಲ್ಲಿಗೆ ಸುಮಾರು 30 ಕಿಲೋಮೀಟರ್. ಟೆರ್ಮಿನಿ ಸ್ಟೇಷನ್‌ನಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯೆ ಎಲ್ಲೂ ನಿಲ್ಲದೆ ಸುಮಾರು ಅರ್ಧ ಗಂಟೆಗೆ ತಂದು ಬಿಡುತ್ತದೆ. ನಗರದ ಟ್ರಾಸ್ಟೆವೆರೆ ಬಡಾವಣೆ ಕಡೆ ಇರುವವರಿಗೆ ಎಫ್ಎಲ್1 ರೈಲು ಒಳ್ಳೆಯದು, ಟಿಕೆಟ್ಟೂ ಕಡಿಮೆ. ಆದರೆ ಅದು ಟೆರ್ಮಿನಿಗೆ ಹೋಗುವುದಿಲ್ಲ, ಗಮನ ಇರಲಿ.

ರೂಮು ಹೀಗಿದೆ. ದಪ್ಪ ಗಾಜಿನ ಕಿಟಕಿ, ಬಿಳಿ ಹಾಸಿಗೆ, ಬಿಸಿನೀರಿನ ಕೆಟಲ್. ಕಿಟಕಿ ಮುಚ್ಚಿದರೆ ವಿಮಾನದ ಸದ್ದೇ ಇಲ್ಲ. ರೂಮಿನ ಬಗ್ಗೆ ಇಷ್ಟು ಸಾಕು.

ಏರ್‌ಪೋರ್ಟ್ ಹೋಟೆಲ್ ಅಂದರೆ ಸುಮ್ನೆ ಮಲಗಿ ಎದ್ದು ಹೋಗುವ ಜಾಗ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ರೋಮ್‌ನಲ್ಲಿ ಮಾತ್ರ ಹಾಗೆ ಮಾಡಬೇಡಿ. ರೋಮ್‌ಗೆ ಊಟ ಬರುತ್ತಿದ್ದ ಬಾಗಿಲೇ ಇಲ್ಲಿತ್ತು. ಕ್ಲಾಡಿಯಸ್ ಚಕ್ರವರ್ತಿ ಕ್ರಿ.ಶ. 42ರಲ್ಲಿ ಇಲ್ಲಿ ದೊಡ್ಡ ಬಂದರು ಕಟ್ಟೋಕೆ ಶುರು ಮಾಡಿದ. ಈಜಿಪ್ಟ್, ಉತ್ತರ ಆಫ್ರಿಕಾದ ಗೋಧಿ ಇಲ್ಲಿ ಇಳಿಯುತ್ತಿತ್ತು. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಕೂಡ ಆ ಕಾಲದಲ್ಲಿ ಕೆಂಪು ಸಮುದ್ರ ದಾಟಿ, ಈಜಿಪ್ಟ್ ಮೂಲಕ ರೋಮ್ ಸೇರುತ್ತಿತ್ತು.

ಹಾಗಾದರೆ ಸಮುದ್ರ ಎಲ್ಲಿ? ಟೈಬರ್ ನದಿ ಇಷ್ಟು ವರ್ಷ ಹೂಳು ತಂದು ಸುರಿದಿದೆ. ದಡವೇ ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿದೆ. ಹಡಗು ತೇಲುತ್ತಿದ್ದ ಕಡೆ ಈಗ ನೆಲ.

ಬಂದರಿನ ದೀಪಸ್ತಂಭದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಕ್ಲಾಡಿಯಸ್‌ಗಿಂತ ಮುಂಚಿನ ಚಕ್ರವರ್ತಿ ಕ್ಯಾಲಿಗುಲಾ ಈಜಿಪ್ಟ್‌ನಿಂದ ಒಂದು ಭಾರಿ ಕಲ್ಲಿನ ಕಂಬ ತರಿಸಿದ್ದ. ಅದನ್ನು ಹೊತ್ತು ತಂದ ಹಡಗನ್ನೇ ಕ್ಲಾಡಿಯಸ್ ಇಲ್ಲಿ ಮುಳುಗಿಸಿ, ಅದರ ಮೇಲೆ ದೀಪಸ್ತಂಭ ಎಬ್ಬಿಸಿದ. ಆ ಕಂಬ ಈಗ ಎಲ್ಲಿದೆ ಗೊತ್ತಾ? ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚೌಕದ ನಡುಮಧ್ಯೆ. 1586ರಲ್ಲಿ ಅಲ್ಲಿ ನಿಲ್ಲಿಸಿದರು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು ಅದನ್ನು ತಂದ ಹಡಗು ಮುಳುಗಿದ ಕಡೆಗೂ ಒಂದು ಸಲ ಬರಬೇಕು ಅಂತ ನನ್ನಾಸೆ.

ಏರ್‌ಪೋರ್ಟ್ ಕಟ್ಟುವಾಗ, 1950ರ ದಶಕದ ಕೊನೆಯಲ್ಲಿ, ಮಣ್ಣಿನೊಳಗೆ ಹಳೇ ದೋಣಿಗಳು ಸಿಕ್ಕವು. ಅವು ಸಿಕ್ಕ ಜಾಗದಲ್ಲೇ ಮ್ಯೂಸಿಯಂ ಮಾಡಿದ್ದಾರೆ, ಹೋಟೆಲಿನಿಂದ ಟ್ಯಾಕ್ಸಿಯಲ್ಲಿ ಹತ್ತಿರ. ಬಹಳ ವರ್ಷ ಮುಚ್ಚಿತ್ತು, 2021ರಲ್ಲಿ ಮತ್ತೆ ತೆರೆಯಿತು.

ಒಳಗೆ ಕಪ್ಪಾದ ಹಲಗೆಗಳು ಕಬ್ಬಿಣದ ಚೌಕಟ್ಟಿನ ಮೇಲೆ ಮಲಗಿವೆ. ದೊಡ್ಡವು ಸರಕಿನ ದೋಣಿಗಳು. ಇಂಥವನ್ನು ಹಗ್ಗ ಕಟ್ಟಿ ಟೈಬರ್ ದಂಡೆಯುದ್ದಕ್ಕೂ ರೋಮ್‌ವರೆಗೆ ಎಳೆಯುತ್ತಿದ್ದರು. ಅಮ್ಮ ನಿಂತಿದ್ದು ಮಾತ್ರ ಒಂದು ಪುಟ್ಟ ಮೀನುದೋಣಿಯ ಹತ್ತಿರ. ಅದರ ಮಧ್ಯೆ ಒಂದು ಪೆಟ್ಟಿಗೆ ಇದೆ, ತಳದಲ್ಲಿ ತೂತುಗಳು. ಹೊರಗಿನ ನೀರು ಒಳಗೆ ಬಂದು, ಹಿಡಿದ ಮೀನು ಜೀವಂತ ಇರಲಿ ಅಂತ. ಅಮ್ಮ ಕುಂದಾಪುರದ ಕಡೆಯವರು. ಬಗ್ಗಿ ನೋಡಿ, "ಜೀವ ಇದ್ದ ಮೀನಿಗೇ ರೇಟು ಜಾಸ್ತಿ, ಇವರಿಗೂ ಗೊತ್ತಿತ್ತು" ಅಂದರು. ಅಲ್ಲಿಂದ ಅವರನ್ನು ಹೊರಡಿಸೋಕೆ ನನಗೂ ಮನಸ್ಸಾಗಲಿಲ್ಲ.

ಆಮೇಲೆ ಬಂದರಿನ ಅವಶೇಷಗಳ ಕಡೆ ಹೋದೆವು. ಇವು ಕ್ಲಾಡಿಯಸ್ ಕಾಲದ ಕಂಬಗಳು. ನಯ ಮಾಡದ ಕಲ್ಲು, ಒರಟೊರಟು ಉರುಟು ತುಂಡುಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ. ಸುತ್ತ ಪೈನ್ ಮರಗಳು, ಮೇಲೆ ವಿಮಾನಗಳ ಸದ್ದು. ಕೊಲೋಸಿಯಂ ಮುಂದಿನ ನೂಕುನುಗ್ಗಲು ಇಲ್ಲಿಲ್ಲ. ಅಮ್ಮನ ವಯಸ್ಸಿನವರೂ ನಿಧಾನವಾಗಿ ನಡೆದು ನೋಡಬಹುದು.

ನಿಮ್ಮ ವಿಮಾನ ಸಂಜೆಗೆ ಇದ್ದರೆ ಬ್ಯಾಗ್ ಹೋಟೆಲಿನಲ್ಲೇ ಬಿಟ್ಟು ಬೆಳಗ್ಗೆ ಹೊರಡಿ. ಮ್ಯೂಸಿಯಂ ತೆರೆಯುವ ದಿನ, ಸಮಯ ಮೊದಲೇ ನೋಡಿಕೊಳ್ಳಿ. ಬೇರೆ ದೇಶಕ್ಕೆ ಹೋಗುವಾಗ ನಡುವೆ ಇಲ್ಲಿ ಇಳಿಯುವವರಾದರೆ, ಏರ್‌ಪೋರ್ಟ್‌ನಿಂದ ಹೊರಗೆ ಬರೋಕೆ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು.