ಹತ್ತೊಂಬತ್ತು ನಿಮಿಷದ ಹಾಡಿನ ಕೊನೆಯ ಐದು ನಿಮಿಷ

ಎಲ್ಲರಿಗೂ ಹಾಸನದಿಂದ ನಮಸ್ಕಾರ. ಕಳೆದ ತಿಂಗಳು ಬೆಂಗಳೂರಿಗೆ ಹೋಗಿ ಒಂದು ಪ್ರೋಗ್ರೆಸಿವ್ ಮೆಟಲ್ ಕಛೇರಿ ಕೇಳಿ ಬಂದೆ. ಕಛೇರಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ, ಏಕೆ ಎಂಬುದು ಮುಂದೆ ತಿಳಿಯುತ್ತದೆ. ಯಾವ ಹಾಡಿನ ಆಸೆಯಿಂದ ಹೊರಟಿದ್ದೆನೋ ಅದು 19 ನಿಮಿಷದ ಹಾಡು. ಅಂದು ರಾತ್ರಿ ವೇದಿಕೆಯ ಮೇಲೆ ಅದರ ಕೊನೆಯ ಐದು ನಿಮಿಷಗಳನ್ನು ಮಾತ್ರ ನುಡಿಸಿದರು. ಆ ಐದು ನಿಮಿಷ ಚೆನ್ನಾಗಿಯೇ ಇತ್ತು, ಸುತ್ತಲಿನವರು ಕೂಗಿದರು, ನಾನೂ ಕೈ ಎತ್ತಿದೆ. ಆದರೆ ಊರಿಗೆ ಮರಳಿದ ಮೇಲೆ, ಆ ಹಾಡನ್ನು ಹಾಕಿಕೊಂಡಾಗಲೆಲ್ಲ, ಕೇಳದೆ ಬಂದ 14 ನಿಮಿಷಗಳು ಮನಸ್ಸನ್ನು ಕೊರೆಯುತ್ತಿವೆ. ದೀರ್ಘವಾದ ರಚನೆಯನ್ನು ನುಡಿಸುವುದಾದರೆ ಇಡಿಯಾಗಿ ನುಡಿಸಬೇಕು, ಆಗದಿದ್ದರೆ ಅಂದಿನ ಮಟ್ಟಿಗೆ ಅದನ್ನು ಮುಟ್ಟದೆ ಬಿಡಬೇಕು, ಮತ್ತು ಅದಕ್ಕೆ ಬೇಕಾದ ಹೊತ್ತನ್ನು ಕಾಯ್ದಿಡುವುದು ಕಾರ್ಯಕ್ರಮ ಏರ್ಪಡಿಸುವವರ ಮೊದಲ ಹೊಣೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ತಂಡದ ಹೆಸರನ್ನು ಹೇಳುವುದಿಲ್ಲ, ತಪ್ಪು ಅವರದಲ್ಲ. ಏರ್ಪಡಿಸಿದವರ ಹೆಸರೂ ಬೇಡ. ಅಂದು ಹಾಡು ತುಂಡಾದದ್ದು ಕಾರ್ಯಕ್ರಮ ತಡವಾಗಿ ಶುರುವಾದದ್ದರಿಂದ, ನಾನು ಹೋಗಿರುವ ಕಾರ್ಯಕ್ರಮಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆಯೇ ತಡವಾಗಿ ಶುರುವಾಗಿವೆ.

ಈ ಸಂಗೀತದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಮೆಟಲ್‌ನ ಗಡಸು ಗಿಟಾರ್ ಮತ್ತು ಡ್ರಮ್ಸ್‌ಗೆ 1970ರ ದಶಕದ ಪ್ರೋಗ್ರೆಸಿವ್ ರಾಕ್‌ನ ದೀರ್ಘ ರಚನೆಗಳೂ ನಡುವೆ ಬದಲಾಗುವ ತಾಳಗಳೂ ಸೇರಿ ಹುಟ್ಟಿದ್ದು ಈ ಪ್ರಕಾರ. ಇದಕ್ಕೆ ಜಗತ್ತಿನ ತುಂಬ ಕೇಳುಗರನ್ನು ಗಳಿಸಿಕೊಟ್ಟವರಲ್ಲಿ ಮುಖ್ಯವಾದ ಡ್ರೀಮ್ ಥಿಯೇಟರ್ ತಂಡವನ್ನು 1985ರಲ್ಲಿ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನ ಮೂವರು ವಿದ್ಯಾರ್ಥಿಗಳು ಕಟ್ಟಿದರು. ಅವರ ‘ಎ ಚೇಂಜ್ ಆಫ್ ಸೀಸನ್ಸ್’ 23 ನಿಮಿಷದ, ಏಳು ಭಾಗಗಳ ರಚನೆ. 1989ರಲ್ಲಿಯೇ ಬರೆದಿದ್ದರೂ 1992ರ ಆಲ್ಬಂನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅಭಿಮಾನಿಗಳು ಪಟ್ಟು ಹಿಡಿದು ಕೇಳಿಕೊಂಡ ಮೇಲೆ 1995ರಲ್ಲಿ ಅದು ಧ್ವನಿಮುದ್ರಣಗೊಂಡು ಹೊರಬಂತು. ಉದ್ದದ ಹಾಡು ಕೇಳುಗರಿಗೆ ಹೊರೆ ಎನ್ನುವವರಿಗೆ ನಾನು ಯಾವಾಗಲೂ ಈ ಸಂಗತಿಯನ್ನು ನೆನಪಿಸುತ್ತೇನೆ. ಅದನ್ನು ಬೇಡಿ ಪಡೆದವರು ಕೇಳುಗರೇ.

ನನ್ನ ದೊಡ್ಡಪ್ಪನವರ ಊರು ಅರಕಲಗೂಡು ತಾಲ್ಲೂಕಿನಲ್ಲಿದೆ, ರುದ್ರಪಟ್ಟಣಕ್ಕೆ ಹತ್ತಿರ. ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರಾದದ್ದು, ಕರ್ನಾಟಕ ಸಂಗೀತದ ಹಿರಿಯ ಗಾಯಕ ಆರ್. ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರು, ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತೆಗಳ ಧ್ಯಾನಮಂದಿರ ಇರುವ ಊರು. ದೊಡ್ಡಪ್ಪನವರು ಕಛೇರಿಯ ವಿದ್ವಾಂಸರಲ್ಲ, ಊರಿನ ಭಜನೆಗೆ ಮೃದಂಗ ನುಡಿಸುವವರು. ನಾಲ್ಕು ವರ್ಷಗಳ ಹಿಂದೆ ಅವರ ಮನೆಯ ಜಗುಲಿಯಲ್ಲಿ ಕುಳಿತು ನಾನು ಸ್ವೀಡನ್‌ನ ಮೆಶುಗ್ಗಾ ತಂಡದ ಒಂದು ಹಾಡನ್ನು ಫೋನಿನಲ್ಲಿ ಕೇಳುತ್ತಿದ್ದೆ. ಒಳಗಿನಿಂದ ಬಂದವರು ಸ್ವಲ್ಪ ಹೊತ್ತು ನಿಂತು ಕೇಳಿ, “ಹಾಡೋನು ಯಾಕ್ ಹಿಂಗ್ ಅರಚ್ತಾನೋ ಗೊತ್ತಿಲ್ಲ ಮಗ, ಆದ್ರೆ ಲೆಕ್ಕ ಇದೆ ಕಣೋ. ಗಿಟಾರ್ ಒಂದು ಲೆಕ್ಕ ಹಿಡ್ಕೊಂಡ್ ಹೋಗ್ತಿದೆ, ಆ ತಟ್ಟೆ ಇನ್ನೊಂದು ಲೆಕ್ಕ ಹೇಳ್ತಿದೆ. ತಡಿ, ಸಮಕ್ಕೆ ಎಲ್ಲಿ ಬರ್ತಾರೆ ನೋಡಣ” ಎಂದು ಕಂಬಕ್ಕೊರಗಿ ಕುಳಿತು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕತೊಡಗಿದರು. ಎರಡು ಲೆಕ್ಕಗಳೂ ಒಂದೆಡೆ ಬಂದು ಬಿದ್ದಾಗ ಕಣ್ಣು ತೆರೆಯದೆಯೇ “ಹ್ಞಾಂ, ಬಂದ್ರು” ಎಂದರು.

ಅವರು ಕೇಳಿಸಿಕೊಂಡದ್ದು ಈ ಸಂಗೀತದ ಜೀವಾಳವನ್ನೇ. ಎಂಟು ಎಣಿಕೆಯ ಆದಿತಾಳದ ಒಂದು ಆವರ್ತದಲ್ಲಿ, ಅಂದರೆ ಒಂದು ಸುತ್ತಿನಲ್ಲಿ, ಎಣಿಕೆಗೆ ನಾಲ್ಕು ಮಾತ್ರೆಯ ಚತುರಶ್ರ ನಡೆಯಲ್ಲಿ, 32 ಮಾತ್ರೆಗಳಿರುತ್ತವೆ. ಅದರ ಮೇಲೆ ‘ತಕತಕಿಟ’ ಎಂಬ ಐದರ ಗುಂಪನ್ನು ಆರು ಸಲ ಹೇಳಿದರೆ 30 ಮಾತ್ರೆ ಮುಗಿದು ಎರಡು ಉಳಿಯುತ್ತವೆ. ಆ ಎರಡನ್ನು ಎಲ್ಲಿ ಸೇರಿಸಿ, ಹೇಗೆ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಬಂದು ಇಳಿಯುತ್ತಾರೆ ಎಂದು ನಾವು ಲಯವಾದ್ಯದವರ ಕೈಯನ್ನೇ ನೋಡುತ್ತಿರುತ್ತೇವೆ. ಮೆಶುಗ್ಗಾ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಡ್ರಮ್ಸ್ ನುಡಿಸುವವರ ಒಂದು ಕೈ ಸಿಂಬಲ್ ಎಂಬ ತಟ್ಟೆಯ ಮೇಲೆ ನಾಲ್ಕರ ಎಣಿಕೆಯನ್ನು ಬಿಡದೆ ಹಿಡಿದಿರುತ್ತದೆ. ಕಾಲುಗಳೂ ಗಿಟಾರೂ ಬೆಸಸಂಖ್ಯೆಯ ಗುಂಪೊಂದನ್ನು ಅದರ ಮೇಲೆ ಉರುಳಿಸುತ್ತ ಹೋಗಿ, ಕೊನೆಯ ಗುಂಪನ್ನು ಮೊಟಕುಗೊಳಿಸಿ ‘ಒಂದು’ ಎಂಬ ಎಣಿಕೆಗೆ ಬಂದು ಸೇರುತ್ತವೆ. ಅಲ್ಲಿಯವರೆಗಿನ ಎಣಿಕೆಯನ್ನು ಮನಸ್ಸಿನಲ್ಲಿ ಹೊತ್ತು ತಂದವರಿಗೆ ಮಾತ್ರ ಆ ಸೇರುವಿಕೆಯ ಸುಖ ದಕ್ಕುತ್ತದೆ.

ಈಗ ಅಂದಿನ ಸಂಜೆಗೆ ಬರುತ್ತೇನೆ. ನನ್ನ ಜೊತೆ ಚಿಕ್ಕಪ್ಪನ ಮಗ ಬಂದಿದ್ದ. ಡಿಗ್ರಿ ಎರಡನೆಯ ವರ್ಷದ ಹುಡುಗ, ಅವನಿಗೆ ಇದು ಮೊದಲ ಕಛೇರಿ. ನಾನು ಅವನ ವಯಸ್ಸಿನವನಾಗಿದ್ದಾಗ ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್ ಎಂಬ ಮೆಟಲ್ ತಂಡ ಬಂದಿತ್ತು, 2011ರಲ್ಲಿ ಮೆಟಾಲಿಕಾ ತಂಡ ಬಂದಿತ್ತು, ಮತ್ತು ಈ ಎರಡನ್ನೂ ನಾನು ಹೋಗಿಬಂದವರ ಬಾಯಿಂದ ಕೇಳಿಯೇ ತೃಪ್ತಿಪಟ್ಟಿದ್ದೆ. ಅದಕ್ಕೇ ಇವನನ್ನು ಕರೆದುಕೊಂಡು ಹೊರಟೆ. ಶ್ರವಣಬೆಳಗೊಳದ ಮೇಲಿನ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ಹಾಸನದವರಿಗೆ ಬೆಂಗಳೂರು ಮೊದಲಿನಷ್ಟು ದೂರವಲ್ಲ. ಐದೂವರೆಗೆಲ್ಲ ಸಭಾಂಗಣದ ಬಾಗಿಲಲ್ಲಿ ನಿಂತಿದ್ದೆವು. ಟಿಕೆಟ್ ಮೇಲೆ ಆರು ಗಂಟೆ ಎಂದು ಅಚ್ಚಾಗಿತ್ತು.

ಆರು ಗಂಟೆಗೆ ವೇದಿಕೆಯ ಮೇಲೆ ಇನ್ನೂ ಕೇಬಲ್ ಎಳೆಯುತ್ತಿದ್ದರು. ಮುಖ್ಯ ತಂಡಕ್ಕೂ ಮುಂಚೆ ನುಡಿಸುವ ಎರಡು ಉಪತಂಡಗಳಲ್ಲಿ ಮೊದಲನೆಯದು ಏಳೂಕಾಲಿಗೆ ಬಂತು. ಎರಡನೆಯ ತಂಡಕ್ಕಾಗಿ ಡ್ರಮ್ಸ್ ಬದಲಿಸಿ, ಮೈಕುಗಳನ್ನು ಮತ್ತೆ ಹೊಂದಿಸಿದರು. ನಡುವೆ ಪ್ರಾಯೋಜಕರ ಪರವಾಗಿ ಉಡುಗೊರೆ ಹಂಚುವ ಒಂದು ಸುತ್ತು ನಡೆಯಿತು. ಮುಖ್ಯ ತಂಡ ವೇದಿಕೆ ಏರುವಾಗ ಎಂಟು ಗಂಟೆ ನಲವತ್ತು ನಿಮಿಷವಾಗಿತ್ತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಕೆಯನ್ನು ನಿರ್ಬಂಧಿಸುವ ನಿಯಮ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ, ಅದು ಎಲ್ಲರಿಗೂ ಗೊತ್ತಿರುವುದೇ. ಎರಡು ಗಂಟೆ ಹೊತ್ತು ನುಡಿಸಲೆಂದು ಸಿದ್ಧರಾಗಿ ಬಂದ ತಂಡಕ್ಕೆ ಉಳಿದದ್ದು 80 ನಿಮಿಷ.

ಆ 80 ನಿಮಿಷಗಳಲ್ಲಿ ಮೊದಲ ಒಂದು ಗಂಟೆಯನ್ನು ನಾನು ಮರೆಯಲಾರೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ಎಣಿಕೆ ತಲೆಯೊಳಗೆ ನಡೆಯುತ್ತದೆ. ಅಲ್ಲಿ ಬೇಸ್ ಗಿಟಾರಿನ ಕಂಪನ ಅಂಗಾಲಿನಿಂದ ಏರಿ ಎದೆಗೂಡಿಗೆ ಬರುವುದರಿಂದ ಎಣಿಕೆ ಮೈಗೇ ಇಳಿಯುತ್ತದೆ. (ಕಿವಿಗೆ ಹತ್ತಿಯಂಥ ಮೆತ್ತನೆಯ ಇಯರ್‌ಪ್ಲಗ್ ಇಟ್ಟುಕೊಂಡಿದ್ದೆವು. ಇಂಥ ಜಾಗಗಳಲ್ಲಿ ಸರಾಸರಿ ಶಬ್ದ 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಇಯರ್‌ಪ್ಲಗ್ ಇಟ್ಟರೆ ಸಂಗೀತ ಕೆಡುತ್ತದೆ ಎಂದುಕೊಳ್ಳಬೇಡಿ, ನನಗಂತೂ ಗಿಟಾರಿನ ಎಳೆಗಳು ಇನ್ನಷ್ಟು ಬಿಡಿಬಿಡಿಯಾಗಿ ಕೇಳಿದವು.) ನನ್ನ ಎಡಗಡೆ ನಿಂತಿದ್ದ ನಡುವಯಸ್ಸಿನವರೊಬ್ಬರು ತಲೆ ಅಲ್ಲಾಡಿಸಲಿಲ್ಲ, ಕೂಗಲಿಲ್ಲ. ಅವರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಮೂರನೆಯ ಹಾಡಿನ ನಡುವೆ ಡ್ರಮ್ಸ್ ಮತ್ತು ಗಿಟಾರ್ ಬೇರೆ ಬೇರೆ ದಾರಿ ಹಿಡಿದು ಸುಮಾರು ಒಂದು ನಿಮಿಷ ಅಲೆದವು. ಸಭಾಂಗಣ ಮೌನವಾಯಿತು. ಎರಡೂ ಸಮಕ್ಕೆ ಬಂದು ಬಿದ್ದ ಆ ಒಂದು ಪೆಟ್ಟಿಗೆ ಸಾವಿರಾರು ತಲೆಗಳು ಒಟ್ಟಿಗೆ ಬಾಗಿದವು, ನನ್ನ ಪಕ್ಕದವರ ಹೆಬ್ಬೆರಳು ಕಿರುಬೆರಳಿನ ಬುಡದಲ್ಲಿ ಬಂದು ನಿಂತಿತ್ತು. ಗೊತ್ತಿಲ್ಲದ ಅಷ್ಟೊಂದು ಜನರ ಜೊತೆ ಒಂದೇ ಲೆಕ್ಕವನ್ನು ಹೊತ್ತು ಒಂದೇ ಗಳಿಗೆಗೆ ಇಳಿಸುವ ಅನುಭವಕ್ಕೆ ನಾನು ಭಕ್ತಿ ಎಂಬ ಮಾತನ್ನು ಬಳಸಲು ಹಿಂಜರಿಯುವುದಿಲ್ಲ.

ಒಂಬತ್ತು ಐವತ್ತೆರಡಕ್ಕೆ ಗಿಟಾರ್ ನುಡಿಸುವವರು ಮೈಕಿನ ಬಳಿ ಬಂದರು. ಜನ ಆ ದೊಡ್ಡ ಹಾಡಿನ ಹೆಸರನ್ನು ಕೂಗುತ್ತಿದ್ದರು. ಅವರು ವೇದಿಕೆಯ ಪಕ್ಕಕ್ಕೆ ನೋಡಿದರು. ಅಲ್ಲಿ ನಿಂತಿದ್ದವರೊಬ್ಬರು ತಮ್ಮ ಮಣಿಕಟ್ಟನ್ನು ಬೆರಳಿಂದ ಎರಡು ಸಲ ತಟ್ಟಿ ತೋರಿಸಿದರು. ಗಿಟಾರ್ ನುಡಿಸುವವರು ತಂಡದ ಉಳಿದವರತ್ತ ತಿರುಗಿ ನಾಲ್ಕು ಬೆರಳು ಎತ್ತಿದರು. ನಾಲ್ಕನೆಯ ಭಾಗ ಎಂದು ಅದರ ಅರ್ಥ.

ಆ ಹಾಡಿನ ಕಟ್ಟಡವನ್ನು ಸ್ವಲ್ಪ ಬಿಡಿಸಿ ಹೇಳದೆ ನನ್ನ ನೋವು ನಿಮಗೆ ಅರ್ಥವಾಗಲಾರದು. ಮೊದಲನೆಯ ಭಾಗದಲ್ಲಿ ಗಿಟಾರ್ ಒಂಟಿಯಾಗಿ, ಗಡಸುತನವಿಲ್ಲದೆ, ಏಳು ಎಣಿಕೆಯ ಒಂದು ಸಾಲನ್ನು ನುಡಿಸುತ್ತದೆ. ‘ತಕಿಟ ತಕಧಿಮಿ’, ನಮ್ಮ ಮಿಶ್ರಚಾಪು. ಎರಡು ಮತ್ತು ಮೂರನೆಯ ಭಾಗಗಳಲ್ಲಿ ಆ ಸಾಲು ಕೀಬೋರ್ಡಿಗೆ ಹೋಗುತ್ತದೆ, ಬೇಸ್‌ಗೆ ಇಳಿಯುತ್ತದೆ, ಗದ್ದಲದಲ್ಲಿ ಕಳೆದುಹೋಗಿ ಮತ್ತೆ ತುಣುಕಾಗಿ ಕೇಳುತ್ತದೆ, ಮತ್ತು ಎಲ್ಲಿಯೂ ಏಳನ್ನು ದಾಟುವುದಿಲ್ಲ. ನಾಲ್ಕನೆಯ ಭಾಗದಲ್ಲಿ ಅದೇ ಸಾಲು ಮೊದಲ ಬಾರಿಗೆ ಎಂಟಕ್ಕೆ ಹಿಗ್ಗುತ್ತದೆ. ಹದಿನಾಲ್ಕು ನಿಮಿಷ ಕಾಲ ಒಂದು ಹೆಜ್ಜೆ ಕಡಿಮೆಯಾಗಿ ಮುಗ್ಗರಿಸುತ್ತಲೇ ಬಂದ ಸಾಲಿಗೆ ಆ ಎಂಟನೆಯ ಎಣಿಕೆಯಲ್ಲಿ ಕಾಲೂರಲು ನೆಲ ಸಿಗುತ್ತದೆ. ಏಳನ್ನು ಅಷ್ಟು ಹೊತ್ತು ಕೇಳಿದ್ದರೆ ಮಾತ್ರ ಎಂಟಕ್ಕೆ ಅರ್ಥ. ಅಂದು ನಮಗೆ ಕೊಟ್ಟದ್ದು ಬರೀ ಎಂಟು. ನನ್ನ ತಮ್ಮ ಸಂತೋಷದಿಂದಲೇ ಕುಣಿದ. ಹೊರಗೆ ಬಂದ ಮೇಲೆ, “ಕೊನೇ ಹಾಡು ಚೆನ್ನಾಗಿತ್ತಣ್ಣ, ಆದ್ರೆ ಎಲ್ರೂ ಯಾಕ್ ಅದಕ್ಕೇ ಅಷ್ಟೊಂದ್ ಕಾಯ್ತಿದ್ರು?” ಎಂದು ಕೇಳಿದ.

ಕೆಲವರು ಹತ್ತು ಗಂಟೆಯ ನಿಯಮವನ್ನು ದೂರುತ್ತಾರೆ. ನಾನು ದೂರುವುದಿಲ್ಲ. ಸಭಾಂಗಣದ ಸುತ್ತ ಮನೆಗಳಿವೆ, ಮಕ್ಕಳು ಮಲಗಬೇಕು, ಕಾಯಿಲೆಯವರು ನಿದ್ದೆ ಮಾಡಬೇಕು. ಹತ್ತು ಗಂಟೆ ಎಂಬುದು ಹಠಾತ್ತನೆ ಬಂದ ಅಡ್ಡಿಯಲ್ಲ, ಟಿಕೆಟ್ ಮಾರುವ ದಿನವೇ ಗೊತ್ತಿದ್ದ ಗಡಿ. ಜನ ಹೇಗೂ ತಡವಾಗಿ ಬರುತ್ತಾರೆ ಎಂದು ಏರ್ಪಡಿಸುವವರೂ, ಕಾರ್ಯಕ್ರಮ ಹೇಗೂ ತಡವಾಗಿ ಶುರುವಾಗುತ್ತದೆ ಎಂದು ಜನರೂ ಅಂದುಕೊಂಡು, ಇಬ್ಬರೂ ಸೇರಿ ಕಳೆದ ಹೊತ್ತನ್ನು ಕೊನೆಗೆ ಹಾಡಿನ ಮೈಯಿಂದ ಕತ್ತರಿಸಿ ತುಂಬಿಕೊಳ್ಳುತ್ತೇವೆ. ಮೂರು ನಿಮಿಷದ ಹಾಡುಗಳ ಕಾರ್ಯಕ್ರಮವಾಗಿದ್ದರೆ ನಾಲ್ಕು ಹಾಡು ಕಡಿಮೆಯಾಗುತ್ತಿತ್ತು, ಉಳಿದವು ಇಡಿಯಾಗಿ ಉಳಿಯುತ್ತಿದ್ದವು. ಈ ಸಂಗೀತದಲ್ಲಿ ಹಾಗಾಗುವುದಿಲ್ಲ.

ನನ್ನ ತಾಯಿಯ ತವರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಕಡೆ. ಅಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನಗಳನ್ನು ಬೆಳಗಿನವರೆಗೆ ನೋಡಿದ ನೆನಪಿದೆ, ಈಗಿನ ಕಾಲಮಿತಿ ಪ್ರಯೋಗಗಳನ್ನೂ ನೋಡಿದ್ದೇನೆ. ಕಾಲಮಿತಿಯ ಬಗ್ಗೆ ಹಿರಿಯರಿಗೆ ಅಸಮಾಧಾನವಿದೆ, ಅದು ನ್ಯಾಯವಾದದ್ದೇ. ಆದರೂ ಒಳ್ಳೆಯ ಭಾಗವತರು ಮೂರೂವರೆ ಗಂಟೆಯ ಪ್ರಸಂಗಕ್ಕೆ ಯಾವ ಪದ್ಯ ಇರಬೇಕು, ಯಾವುದನ್ನು ಬಿಡಬೇಕು, ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗ ಎಷ್ಟು ಹೊತ್ತು ಎಂಬುದನ್ನು ಬಣ್ಣ ಹಚ್ಚುವ ಚೌಕಿಯಲ್ಲೇ ನಿಶ್ಚಯಿಸಿಕೊಂಡು ಬರುತ್ತಾರೆ. ಹೊತ್ತಾಯಿತೆಂದು ಪ್ರಸಂಗದ ಮೊದಲರ್ಧ ಬಿಟ್ಟು ನೇರವಾಗಿ ವಧೆಯ ಸನ್ನಿವೇಶಕ್ಕೆ ಹಾರಿದ ಭಾಗವತರನ್ನು ನಾನು ಕಂಡಿಲ್ಲ. ಅದೇ ಎಚ್ಚರ ಇಲ್ಲಿಯೂ ಸಾಧ್ಯ. ಎಂಟೂ ನಲವತ್ತಕ್ಕೆ ವೇದಿಕೆ ಏರುವಾಗಲೇ 80 ನಿಮಿಷ ಎಂದು ಗೊತ್ತಿತ್ತು. ಸಣ್ಣ ಹಾಡುಗಳಲ್ಲಿ ಮೂರನ್ನು ಕೈಬಿಟ್ಟು, 19 ನಿಮಿಷವನ್ನು ಮೊದಲೇ ಎತ್ತಿಟ್ಟು, ಒಂಬತ್ತೂವರೆಗೆ ಅದನ್ನು ಆರಂಭಿಸಬಹುದಿತ್ತು. ತಂಡಕ್ಕೆ ಆ ಮಾತನ್ನು ವೇದಿಕೆಯ ಹಿಂದೆಯೇ ಸ್ಪಷ್ಟವಾಗಿ ಯಾರಾದರೂ ಹೇಳಬೇಕಿತ್ತು. ಒಂಬತ್ತು ಐವತ್ತೆರಡಕ್ಕೆ ಮಣಿಕಟ್ಟು ತಟ್ಟಿ ತೋರಿಸುವುದು ಹೇಳುವ ರೀತಿಯಲ್ಲ.

ಆದ್ದರಿಂದ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಟಿಕೆಟ್ ಮೇಲೆ ಬಾಗಿಲು ತೆರೆಯುವ ಹೊತ್ತನ್ನೂ ಮುಖ್ಯ ತಂಡ ವೇದಿಕೆಗೆ ಬರುವ ಹೊತ್ತನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಿಸಿ, ಎರಡನ್ನೂ ಪಾಲಿಸಿ. ಉಪತಂಡ ಎರಡರ ಬದಲು ಒಂದೇ ಇರಲಿ. ಹಾಸನದಿಂದ, ಚಿತ್ರದುರ್ಗದಿಂದ, ಮಂಗಳೂರಿನಿಂದ ರಜೆ ಹಾಕಿ ಬರುವವರು ಐದೂವರೆಗೇ ಬಂದು ನಿಂತಿರುತ್ತಾರೆ, ಅವರನ್ನು ನೋಡಿ ಹೊತ್ತು ನಿಗದಿ ಮಾಡಿ.

ಹನ್ನೊಂದೂವರೆಗೆ ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು ಹಿಡಿದೆವು. ನೆಲಮಂಗಲದ ಟೋಲ್ ದಾಟಿದ ಮೇಲೆ ಇಯರ್‌ಫೋನಿನ ಒಂದು ತುದಿಯನ್ನು ತಮ್ಮನ ಕೈಗೆ ಕೊಟ್ಟು, ಆ ಹಾಡನ್ನು ಮೊದಲಿನಿಂದ ಹಾಕಿದೆ. ಏನನ್ನೂ ವಿವರಿಸಲಿಲ್ಲ. ‘ತಕಿಟ ತಕಧಿಮಿ’ ಎಂದು ಒಂದೇ ಒಂದು ಸಲ ಅವನ ಮೊಣಕಾಲ ಮೇಲೆ ತಟ್ಟಿ ತೋರಿಸಿದೆ. ಎರಡನೆಯ ಭಾಗ ಮುಗಿಯುವ ಹೊತ್ತಿಗೆ ಅವನೇ ಮುಂದಿನ ಸೀಟಿನ ಕಂಬಿಯ ಮೇಲೆ ಏಳನ್ನು ಎಣಿಸುತ್ತಿದ್ದ. ಕುಣಿಗಲ್ ಇನ್ನೂ ಬಂದಿರಲಿಲ್ಲ, ನಾಲ್ಕನೆಯ ಭಾಗ ಶುರುವಾಯಿತು. ಏಳಾದ ಮೇಲೆ ಮತ್ತೆ ‘ಒಂದು’ ಹೊಡೆಯಲು ಎತ್ತಿದ ಅವನ ಬೆರಳು ಗಾಳಿಯಲ್ಲೇ ತಡೆದು ನಿಂತಿತು, ಎಂಟನೆಯ ಎಣಿಕೆಗೆ ಜಾಗ ಬಿಟ್ಟು, ಆಮೇಲೆ ಕಂಬಿಯ ಮೇಲೆ ಬಿತ್ತು.