ಸಕ್ಕರೆ ಡಬ್ಬದಿಂದ ಹಾಸಿಗೆಯವರೆಗೆ

ಎಲ್ಲರಿಗೂ ನಮಸ್ಕಾರ. ಇವತ್ತು ನವೆಂಬರ್ 14. ಶಾಲೆಗಳಲ್ಲಿ ನೆಹರೂ ಅವರ ಚಿತ್ರಕ್ಕೆ ಗುಲಾಬಿ ಇಟ್ಟು ಮಕ್ಕಳಿಗೆ ಚಾಕೊಲೇಟ್ ಹಂಚುವ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದೂ 1891ರ ಇದೇ ದಿನ. ವಿಶ್ವ ಮಧುಮೇಹ ದಿನ ಇವತ್ತು ಬಿದ್ದಿರುವುದು ಅದಕ್ಕೇ. ಚಾಕೊಲೇಟಿಗೂ ಸೂಜಿಗೂ ಒಂದೇ ತಾರೀಖು ಸಿಕ್ಕಿದೆ. ನಮ್ಮ ಮಕ್ಕಳಿಗೆ ಇದರ ತಮಾಷೆ ಚೆನ್ನಾಗಿ ಗೊತ್ತು.

ದೇಹದಲ್ಲಿ ಇನ್ಸುಲಿನ್ ತಯಾರಾಗದ ಟೈಪ್ ಒನ್ ಮಧುಮೇಹ ಎಂದರೇನು ಎಂದು, ಅದೇ ಇರುವ ಮಕ್ಕಳ ತಂದೆತಾಯಿಗಳ ಈ ಸಭೆಗೆ ವಿವರಿಸಲು ಹೊರಟರೆ ನೀವು ನನ್ನನ್ನು ವೇದಿಕೆಯಿಂದ ಇಳಿಸುತ್ತೀರಿ. ನನಗೆ ಕೊಟ್ಟಿರುವ ವಿಷಯ ರಾತ್ರಿ ಮತ್ತು ಬೆಳಗಿನ ಶುಗರ್ ಏರುಪೇರು. ಏಳು ಅಂಶ ಬರೆದುಕೊಂಡು ಬಂದಿದ್ದೆ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಬ್ಬ ತಂದೆ ಮಗನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: "ಬೆಳಿಗ್ಗೆ ಶುಗರ್ 268ಕ್ಕೆ ಏರಿತ್ತು. ನಿಜ ಹೇಳು, ರಾತ್ರಿ ಏನು ತಿಂದೆ?" ಹುಡುಗ ನೆಲ ನೋಡುತ್ತಿದ್ದ. ಅವನ ಪರವಾಗಿ ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ.

ನನಗೆ ಟೈಪ್ ಒನ್ ಬಂದದ್ದು 1988ರಲ್ಲಿ, ಸಾಗರದಲ್ಲಿ, ಹನ್ನೊಂದನೆಯ ವಯಸ್ಸಿಗೆ. ಮನೆಯಲ್ಲಿ ಗ್ಲುಕೋಮೀಟರ್ ಇರಲಿಲ್ಲ. ಇದ್ದದ್ದು ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ತೋರಿಸುವ ಬೆನೆಡಿಕ್ಟ್ ದ್ರಾವಣದ ನೀಲಿ ಬಾಟಲಿ, ಒಂದು ಪ್ರನಾಳ, ಒಂದು ಸ್ಪಿರಿಟ್ ದೀಪ. ಐದು ಮಿಲಿಲೀಟರ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಅಮ್ಮನ ಮುಖ ಅರಳುತ್ತಿತ್ತು; ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆ ಬಣ್ಣಕ್ಕೆ ಬಂದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ನಾನು ಮುಂದೆ ವಿಜ್ಞಾನದ ಮೇಷ್ಟರಾದದ್ದಕ್ಕೆ ಆ ಪ್ರನಾಳವೇ ಕಾರಣವಿರಬೇಕು. ಉಳಿದ ಹುಡುಗರು ಪ್ರಯೋಗ ನೋಡಿದ್ದು ಹೈಸ್ಕೂಲಿನಲ್ಲಿ, ನಾನು ಬಚ್ಚಲುಮನೆಯಲ್ಲಿ.

ಆ ವರ್ಷದ ಯುಗಾದಿಯ ಮರುದಿನ ಬೆಳಿಗ್ಗೆ ಇಟ್ಟಿಗೆ ಕೆಂಪು. ಅಜ್ಜಿ ಸೀದಾ ಅಡುಗೆಮನೆಗೆ ಹೋಗಿ ಹೋಳಿಗೆ ಎಣಿಸಿದರು. ಲೆಕ್ಕ ಸರಿ ಇತ್ತು. ಆದರೂ ನಾನೇ ಕಳ್ಳ. ಡಾಕ್ಟರು ರಾತ್ರಿಯ ಡೋಸನ್ನು ಎರಡು ಯೂನಿಟ್ ಏರಿಸಿದರು. ಮತ್ತೆ ಕೆಂಪು. ಮತ್ತೆ ಎರಡು ಯೂನಿಟ್. ಇನ್ನೂ ಕೆಂಪು. "ಇಷ್ಟು ಔಷಧಕ್ಕೂ ಇಳಿಯುವುದಿಲ್ಲ ಎಂದರೆ ಇವನ ಬಾಯಿಗೇ ಬೀಗ ಹಾಕಬೇಕು," ಎಂದರು ಅಜ್ಜಿ.

ಕಳ್ಳನನ್ನು ಹಿಡಿದುಕೊಟ್ಟದ್ದು ಇರುವೆಗಳು. ಒಂದು ಬೆಳಿಗ್ಗೆ ಅಮ್ಮ ಹಾಸಿಗೆ ಸುತ್ತಲು ಬಂದಾಗ ಅಡುಗೆಮನೆಯ ಗೂಡಿನಲ್ಲಿದ್ದ ಸಕ್ಕರೆ ಡಬ್ಬದಿಂದ ಹೊರಟು, ನಡುಮನೆಯ ಹೊಸಿಲು ದಾಟಿ, ನನ್ನ ದಿಂಬಿನವರೆಗೆ ಕೆಂಪಿರುವೆಯ ಸಾಲು. ದಿಂಬಿನ ಮೇಲೆ ಸಕ್ಕರೆ ಹರಳು, ನನ್ನ ಅಂಗೈ ಅಂಟಂಟು. ಸತ್ಯವಾಗಿ ಹೇಳುತ್ತೇನೆ, ನನಗೆ ಒಂದು ಚೂರೂ ನೆನಪಿರಲಿಲ್ಲ. ಅಮ್ಮ ಬೈಯಲಿಲ್ಲ, ದಿಂಬು ಮುಟ್ಟಿ ನೋಡಿದರು. ಒದ್ದೆಯಾಗಿತ್ತು. ಅಂಗಿಯ ಬೆನ್ನೂ ಒದ್ದೆ. ಆ ರಾತ್ರಿ ಅಮ್ಮ ಮಲಗಲಿಲ್ಲ. ಎರಡೂವರೆಗೆ ನಾನು ಎದ್ದು, ಬೆವರು ಸುರಿಸುತ್ತ, ಕಣ್ಣು ಬಿಟ್ಟೂ ಯಾರನ್ನೂ ಕಾಣದವನಂತೆ ಡಬ್ಬದ ಕಡೆ ನಡೆದದ್ದನ್ನು ಕಂಡರು.

ಆಗಿದ್ದು ಇಷ್ಟೆ. ಅಂಗೈಯಲ್ಲಿ ಉರುಳಿಸಿ ಹಾಕುವ ಆ ಹಾಲುಬಣ್ಣದ ಇನ್ಸುಲಿನ್ನನ್ನು ರಾತ್ರಿ ಎಂಟಕ್ಕೆ, ಊಟಕ್ಕೆ ಮೊದಲು ಕೊಡುತ್ತಿದ್ದರು. ಅದರ ಜೋರು ನಡುರಾತ್ರಿಯ ನಂತರ. ಎರಡು ಗಂಟೆಗೆ ನಾನು ಲೋ ಆಗುತ್ತಿದ್ದೆ, ಅಂದರೆ ಶುಗರ್ ತೀರಾ ಇಳಿಯುತ್ತಿತ್ತು, ನಿದ್ದೆಗಣ್ಣಿನಲ್ಲೇ ಸಕ್ಕರೆ ಮುಕ್ಕುತ್ತಿದ್ದೆ, ಬೆಳಗಿನ ಹೊತ್ತಿಗೆ ಔಷಧದ ಬಲ ಇಳಿದು ಶುಗರ್ ಏರಿರುತ್ತಿತ್ತು. ಬೆಳಗಿನ ಮೂತ್ರಕ್ಕೆ ಲೋ ಗೊತ್ತಾಗುವುದಿಲ್ಲ. ರಕ್ತದಲ್ಲಿ ಹೆಚ್ಚುಕಡಿಮೆ 180 ದಾಟಿದ ಮೇಲಷ್ಟೇ ಮೂತ್ರಕ್ಕೆ ಸಕ್ಕರೆ ಇಳಿಯುವುದು. ನಾವು ಕೆಂಪು ಕಂಡು ಡೋಸ್ ಏರಿಸಿದಷ್ಟೂ ನಾನು ಇನ್ನಷ್ಟು ಲೋ. ಡಾಕ್ಟರು ಡೋಸ್ ಇಳಿಸಿ, ಸೂಜಿಯನ್ನು ಮಲಗುವ ಹೊತ್ತಿಗೆ ಮುಂದೂಡಿದರು. ಇರುವೆಗಳು ನಿಂತವು.

ಇದಕ್ಕೆ ಹತ್ತಿರದ ಒಂದು ವಾದಕ್ಕೆ ಸೊಮೊಗಿ ಪರಿಣಾಮ ಎಂದು ಹೆಸರು. ಈ ಸೊಮೊಗಿ ನಮ್ಮ ಶಿವಮೊಗ್ಗದ ಕಡೆಯವರಲ್ಲ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ರಸಾಯನಶಾಸ್ತ್ರಜ್ಞ. ರಾತ್ರಿ ಲೋ ಆದರೆ ದೇಹವೇ ಸಕ್ಕರೆ ಸುರಿದು ಬೆಳಿಗ್ಗೆ ಏರಿಸುತ್ತದೆ ಎಂದು 1930ರ ದಶಕದಲ್ಲಿ ಹೇಳಿದರು. ಈಗ ಮೈಗೆ ಅಂಟಿಸಿಕೊಂಡು ಶುಗರ್ ಅಳೆಯುತ್ತಲೇ ಇರುವ ಸೆನ್ಸರ್ ಹಾಕಿ ರಾತ್ರಿಯಿಡೀ ನೋಡಿದವರು ಅದು ಅಪರೂಪ ಎನ್ನುತ್ತಾರೆ. ರಾತ್ರಿ ಲೋ ಆದವರ ಬೆಳಗಿನ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯೇ ಇರುತ್ತದಂತೆ. ನನ್ನ ವಿಷಯದಲ್ಲಿ ಸಕ್ಕರೆ ಸುರಿದದ್ದು ದೇಹವಲ್ಲ, ಡಬ್ಬ.

ಹೆಚ್ಚಿನ ಮನೆಗಳಲ್ಲಿ ನಡೆಯುವುದು ಬೇರೆ, ಬಾಗಿಲಲ್ಲಿದ್ದ ಹುಡುಗನದೂ ಅದೇ ಇರಬಹುದು. ಬೆಳಗಿನ ಜಾವ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್ ಎಲ್ಲ ಸೇರಿ ಯಕೃತ್ತನ್ನು ಎಬ್ಬಿಸುತ್ತವೆ. ಕೋಳಿ ಕೂಗುವ ಮೊದಲೇ ಅದು ಎದ್ದು ಒಲೆ ಹಚ್ಚಿ ಸಕ್ಕರೆ ಬಡಿಸಲು ಶುರುಮಾಡುತ್ತದೆ. ನಿಮ್ಮ ಮೇದೋಜೀರಕ ಗ್ರಂಥಿ ಸದ್ದಿಲ್ಲದೆ ಇನ್ಸುಲಿನ್ ಕೊಟ್ಟು ಅದನ್ನು ಸರಿದೂಗಿಸುತ್ತದೆ. ಈ ಮಕ್ಕಳದು ಕೊಡುವುದಿಲ್ಲ. ಹದಿಹರೆಯದಲ್ಲಿ ಇದು ಇನ್ನೂ ಜೋರು. ಹುಡುಗ ಏನೂ ತಿನ್ನದೆಯೇ ಏರುತ್ತಾನೆ. ಅವನು ಬೆಳೆಯುತ್ತಿದ್ದಾನೆ, ಅದೇ ಅವನ ಅಪರಾಧ.

ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಮೂರು ಗಂಟೆಗೆ ಎದ್ದು ನೋಡಿ. ಮಲಗುವಾಗ, ಮೂರಕ್ಕೆ, ಎದ್ದ ಕೂಡಲೇ, ಹೀಗೆ ಎರಡು ಮೂರು ರಾತ್ರಿ ಬರೆದಿಡಿ. ಮೂರಕ್ಕೆ 120, ಏಳಕ್ಕೆ 240 ಇದ್ದರೆ ಅದು ಜಾವದ ಏರಿಕೆ, ಅಥವಾ ಔಷಧ ಬೆಳಗಿನವರೆಗೆ ಬಾಳುತ್ತಿಲ್ಲ. ಮಲಗುವಾಗಲೇ 250 ಇದ್ದರೆ ಅದು ರಾತ್ರಿಯ ಊಟದ ಲೆಕ್ಕ. ಮೂರಕ್ಕೆ 70ರ ಕೆಳಗಿದ್ದರೆ ಮೊದಲು ಮೂರು ಟೀ ಚಮಚ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರವೇ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೆ ಚುಚ್ಚಿ, ಕೂಡಲೇ ಆಸ್ಪತ್ರೆಗೆ ಹೊರಡಿ. ರಾತ್ರಿಯ ಸಂಖ್ಯೆ ಬರೆದಿಟ್ಟ ಚೀಟಿ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ. ಬೆಳಗಿನ ಸಂಖ್ಯೆಯೊಂದನ್ನೇ ನಂಬಿ ರಾತ್ರಿಯ ಡೋಸ್ ಏರಿಸಬೇಡಿ. ಒಬ್ಬನ ಮಾತು ಕೇಳಿ ತೀರ್ಪು ಕೊಟ್ಟ ಪಂಚಾಯಿತಿ ಯಾವತ್ತಾದರೂ ಉದ್ಧಾರವಾಗಿದೆಯೇ?

ಐದು ನಿಮಿಷ ಎಂದು ಚೀಟಿ ಬಂತು. ಏಳು ಅಂಶಗಳಲ್ಲಿ ಎರಡು ಮುಗಿದಿವೆ.

ಓಡುತ್ತಲೇ ಹೇಳುತ್ತೇನೆ. ಸಂಜೆ ಕಬಡ್ಡಿ ಆಡಿ ಬಂದ ಮಗು ಆಗ ಚೆನ್ನಾಗಿದ್ದು ನಡುರಾತ್ರಿ ಲೋ ಆಗಬಹುದು; ಆಟದ ಸಾಲವನ್ನು ಸ್ನಾಯು ರಾತ್ರಿ ವಸೂಲಿ ಮಾಡುತ್ತದೆ. ಮದುವೆ ಮನೆಯ ಬಿರಿಯಾನಿ, ತುಪ್ಪದ ಹೋಳಿಗೆ ತಿಂದ ರಾತ್ರಿ ಏರಿಕೆ ತಡವಾಗಿ ಬರುತ್ತದೆ; ಮಲಗುವಾಗಿನ 130 ನೋಡಿ ಮೋಸಹೋಗಬೇಡಿ. ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿದ್ದರೆ ಔಷಧವನ್ನು ಮೈ ಒಂದು ದಿನ ಹೀರುತ್ತದೆ, ಒಂದು ದಿನ ಇಲ್ಲ. ಸೆನ್ಸರ್ ಇರುವ ತೋಳನ್ನೇ ಒತ್ತಿ ಮಲಗಿದರೆ ಅದು ಸುಳ್ಳು ಲೋ ತೋರಿಸುತ್ತದೆ, ಬೆರಳು ಚುಚ್ಚಿ ಖಚಿತ ಮಾಡಿಕೊಳ್ಳಿ.

ಸಿರಿಂಜ್ ಒಂದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ. ಕೆಂಪು ಮುಚ್ಚಳದ್ದು 40ರ ಬಾಟಲಿಗೆ, ಅಂದರೆ ಮಿಲಿಲೀಟರಿಗೆ 40 ಯೂನಿಟ್ ಇನ್ಸುಲಿನ್ ಇರುವುದಕ್ಕೆ; ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವ 100ರ ಬಾಟಲಿಗೆ. ಅಂಗಡಿಯವನು ಕೊಟ್ಟದ್ದನ್ನು ನೋಡದೆ ತರಬೇಡಿ. 100ರ ಬಾಟಲಿಗೆ ಕೆಂಪು ಮುಚ್ಚಳದ್ದನ್ನು ಹಾಕಿ ಹತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು ಇಪ್ಪತ್ತೈದು ಯೂನಿಟ್. ಉಳಿದ ಮಾತನ್ನೆಲ್ಲ ಮರೆತರೂ ಈ ಬಣ್ಣ ಮರೆಯಬೇಡಿ.

ಎರಡನೆಯ ಚೀಟಿಯೂ ಬಂತು. ಊಟಕ್ಕೆ ಶಾವಿಗೆ ಪಾಯಸ ಇದೆಯಂತೆ. ಪಾಯಸದ ಲೆಕ್ಕವನ್ನೂ ಸೇರಿಸಿ ಮಕ್ಕಳಿಗೆ ಮೊದಲು ಇನ್ಸುಲಿನ್ ಕೊಡಿ, ಆಮೇಲೆ ಪಂಕ್ತಿಗೆ ಕೂರಿಸಿ. 268ರ ಹುಡುಗ ನನ್ನ ಪಕ್ಕದಲ್ಲಿ ಕೂರಲಿ.